ಎರಡು ಪ್ಲೇಟ್ ಹೆಚ್ಚು

ನಮ್ಮದು ಶಾಮಿಯಾನದ ಕೆಲಸ. ಕುರ್ಚಿ, ಮೇಜು, ಪೆಂಡಾಲಿನ ಪೈಪು, ಶೀಟು, ಬಿರಿಯಾನಿಯ ದೊಡ್ಡ ಚೆಂಬು, ಗಾಜಿನ ಗ್ಲಾಸು, ಪಿಂಗಾಣಿ ಪ್ಲೇಟು, ಕೊನೆಗೆ ಜನರೇಟರ್. ಹೊಸಂಗಡಿಯಿಂದ ಒಳಗೆ ಮೀಯಪದವು, ಪೈವಳಿಕೆ, ಬಾಯಾರು ಕಡೆ ಮದುವೆ, ಉರೂಸ್, ಮದ್ರಸದ ವಾರ್ಷಿಕ, ಮನೆ ಒಕ್ಕಲು ಯಾವುದಿದ್ದರೂ ನಮ್ಮ ಪಿಕಪ್ ಹಿಂದಿನ ದಿನ ಸಂಜೆಯೇ ಹೋಗಬೇಕು. ಉಪ್ಪ ಇದನ್ನು ಶುರು ಮಾಡಿದ್ದು ನಾಲ್ಕು ಪೆಟ್ರೋಮ್ಯಾಕ್ಸ್ ಮತ್ತು ಒಂದು ಕೈಗಾಡಿಯಿಂದ. ಗಾಡಿ ಹೋಗದ ಕಡೆ ತಲೆಯ ಮೇಲೆ. ಅವರ ಸೊಂಟ ಐವತ್ತಕ್ಕೇ ಹೋಯಿತು. ಆಗ ವ್ಯಾಪಾರ ನನ್ನ ಕೈಗೆ ಬಂತು. ಕೈಗಾಡಿ ಇದ್ದ ಜಾಗಕ್ಕೆ ಮೊದಲು ಗೂಡ್ಸ್ ಆಟೋ ಬಂತು, ಆಮೇಲೆ ಪಿಕಪ್ ಬಂತು.

ಈ ಪಿಕಪ್ಪಿನ ಹಿಂದಿನ ಸಸ್ಪೆನ್ಷನ್‌ಗೆ ನಾನು ಮಾಡಿಸಿದ ಒಂದು ಕೆಲಸ, ಅದರಿಂದ ಆದ ಒಂದು ಅನಾಹುತ, ಆಮೇಲೆ ಕಲಿತದ್ದು, ಇಷ್ಟನ್ನು ಬರೆಯುತ್ತಿದ್ದೇನೆ. ಗಾಡಿಯ ವಿಷಯ ನಮಗೇಕೆ ಎಂದು ಪುಟ ಮುಚ್ಚಬೇಡಿ. ನಿಮ್ಮ ಮನೆಯ ಮದುವೆಗೂ ಇಂಥದ್ದೇ ಒಂದು ಗಾಡಿ ಬಂದಿರುತ್ತದೆ.

ಪಿಕಪ್ಪಿನ ಹಿಂಭಾಗ ಕೂರುವುದು ಲೀಫ್ ಪ್ಲೇಟುಗಳ ಮೇಲೆ. ಬಿಲ್ಲಿನ ಹಾಗೆ ಬಗ್ಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿ, ನಡುವೆ ಸೆಂಟರ್ ಬೋಲ್ಟ್ ಹಾಕಿ, ಯು-ಬೋಲ್ಟಿನಿಂದ ಆಕ್ಸಲಿಗೆ ಬಿಗಿದಿರುತ್ತಾರೆ. ಎಲ್ಲಕ್ಕಿಂತ ಮೇಲಿನ ಪಟ್ಟಿಯ ಎರಡೂ ತುದಿ ಸುರುಳಿ ಸುತ್ತಿರುತ್ತವೆ, ಅದರೊಳಗೆ ಬುಷ್. ಒಂದು ತುದಿ ಚಾಸಿಗೆ ನೇರ ಸೇರುತ್ತದೆ, ಇನ್ನೊಂದು ತುದಿ ಶ್ಯಾಕಲ್ ಎಂಬ ತೂಗುವ ಕೊಂಡಿಗೆ, ಏಕೆಂದರೆ ಬಿಲ್ಲು ಚಪ್ಪಟೆಯಾದಾಗ ಉದ್ದವಾಗುತ್ತದೆ, ಅದಕ್ಕೆ ಜಾಗ ಬೇಕು. ನಮ್ಮ ಗಾಡಿಯಲ್ಲಿ ಒಂದೊಂದು ಬದಿಗೆ ಏಳು. ಮೇಲಿನ ಐದು ಸದಾ ಕೆಲಸ ಮಾಡುವವು. ಕೆಳಗಿನ ಎರಡು ದಪ್ಪ, ಹೆಚ್ಚು ಬಾಗಿಲ್ಲದವು. ಲೋಡು ಬಿದ್ದು ಮೇಲಿನವು ಇಳಿದ ಮೇಲೆ ಮಾತ್ರ ಇವು ಭಾರಕ್ಕೆ ಭುಜ ಕೊಡುತ್ತವೆ. ಹೊಸ ಗಾಡಿಯಲ್ಲಿ ಇದೆಲ್ಲ ನನಗೆ ಗೊತ್ತಿರಲಿಲ್ಲ. ಗೊತ್ತಾಗುವ ಅಗತ್ಯವೂ ಬಂದಿರಲಿಲ್ಲ.

ಐದಾರು ವರ್ಷ ಕಳೆದಾಗ ಗಾಡಿಯ ಹಿಂಭಾಗ ಕೂರತೊಡಗಿತು. ಪೂರ್ತಿ ಲೋಡು ಹಾಕಿ, ಹಿಂದೆ ಜನರೇಟರ್ ಟ್ರೈಲರ್ ಸಿಕ್ಕಿಸಿದರೆ ಮೂಗು ಮೇಲೆ, ಬಾಲ ಕೆಳಗೆ. ರಾತ್ರಿ ಹೆಡ್‌ಲೈಟ್ ರಸ್ತೆಗೆ ಬೀಳದೆ ತೆಂಗಿನ ಮರದ ತುದಿಗೆ ಬೀಳುತ್ತಿತ್ತು. ಎದುರು ಬರುವವರೆಲ್ಲ ಡಿಮ್ ಡಿಪ್ ಮಾಡಿ ಬಯ್ಯುತ್ತಿದ್ದರು. ಸ್ಟಿಯರಿಂಗ್ ಹಗುರ, ಮುಂದಿನ ಚಕ್ರ ನೆಲವನ್ನು ಸರಿಯಾಗಿ ಹಿಡಿದಂತೆ ಅನಿಸುತ್ತಿರಲಿಲ್ಲ. ಹೊಂಡ ಬಂದರೆ ಆಕ್ಸಲ್ ಹೋಗಿ ರಬ್ಬರ್ ಸ್ಟಾಪರಿಗೆ ಬಡಿಯುತ್ತಿತ್ತು, ಢಪ್ ಎಂದು.

ಹೊಂಡಕ್ಕೆ ನಮ್ಮ ಕಡೆ ಕೊರತೆಯೂ ಇರಲಿಲ್ಲ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಹೆದ್ದಾರಿ 66ನ್ನು ಆರು ಲೇನ್ ಮಾಡಲು ಅಗೆದಿದ್ದ ಸಮಯ. ಸರ್ವೀಸ್ ರೋಡಿನಲ್ಲಿ ಹೋಗಿ ಬಂದವರಿಗೆ ವಿವರಿಸಬೇಕಾಗಿಲ್ಲ.

ಮೇಲೆ ಇನ್ನೊಂದು ಒತ್ತಡ ಇತ್ತು. ಅದು ಗಾಡಿಯದ್ದಲ್ಲ, ನಮ್ಮದು. ನಮ್ಮಲ್ಲಿ ಮದುವೆಯ ಸಾಮಾನು ಕೇಳುವವರು ಮೊದಲು ಕೇಳುವ ಪ್ರಶ್ನೆ, "ಒಂದೇ ಲೋಡಲ್ಲಿ ಆಗ್ತದಲ್ಲ?" ಎರಡು ಸಲ ಹೋದರೆ ಎರಡು ಬಾಡಿಗೆ ಕೊಡಬೇಕು. ಸಂಬಂಧಿಕರಾದರೆ ಆ ಒಂದು ಬಾಡಿಗೆ ಕೇಳುವುದಕ್ಕೇ ನಾಚಿಕೆ. ಉರೂಸಿಗೆ, ಮಸೀದಿಯ ಕಾರ್ಯಕ್ರಮಕ್ಕೆ ಬಾಡಿಗೆ ಕೇಳುವ ಮಾತೇ ಇಲ್ಲ. ಹಾಗಾಗಿ 200 ಕುರ್ಚಿ ಹಾಕುವ ಜಾಗಕ್ಕೆ 300 ಹಾಕುವುದು, ಅದರ ಮೇಲೆ ಮೇಜು, ಬದಿಗೆ ಪೈಪು, ಮೇಲಿಂದ ಹಗ್ಗ. ಹಗ್ಗದ ಮೇಲೆ ತಂಗಿಯ ಮಗ. ಅವನಿಗೆ ಆಗ ಹತ್ತೊಂಬತ್ತು. ಕಾಲೇಜು ರಜೆಯಲ್ಲಿ ನನ್ನ ಜೊತೆ ಬರುತ್ತಿದ್ದ. ಸರಕಿನ ಮೇಲೆ ಮನುಷ್ಯರನ್ನು ಕೂರಿಸಬಾರದೆಂದು ನನಗೆ ಗೊತ್ತಿತ್ತು. "ಮೇಲೆ ಗಾಳಿ ಉಂಟು ಮಾಮ" ಎಂದು ಅವನು ಹತ್ತಿದ, ನಾನು ಇಳಿಸಲಿಲ್ಲ.

ಗಾಡಿ ಕೂರುತ್ತದೆ ಎಂದು ಹೇಳಿದರೆ ಲೈನಿನಲ್ಲಿರುವ ಎಲ್ಲ ಡ್ರೈವರುಗಳ ಉತ್ತರ ಒಂದೇ. ಪ್ಲೇಟ್ ಹೆಚ್ಚು ಹಾಕಿಸು. ನಾನೂ ಹಾಕಿಸಿದೆ. ಪ್ಲೇಟಿನ ಕೆಲಸ ಮಾಡುವ ಒಂದು ಕಡೆ ಬೆಳಿಗ್ಗೆ ಬಿಟ್ಟು ಸಂಜೆ ತಂದೆ. ಎರಡೂ ಬದಿಗೆ ಎರಡೆರಡು ಪ್ಲೇಟ್, ಉದ್ದದ ಯು-ಬೋಲ್ಟ್. ಖಾಲಿ ಗಾಡಿಯ ಹಿಂಭಾಗ ಕೋಳಿ ಬಾಲ ಎತ್ತಿದ ಹಾಗೆ ನಿಂತಿತು. ಮರುದಿನ ಪೂರ್ತಿ ಲೋಡು ಹಾಕಿ, ಟ್ರೈಲರ್ ಸಿಕ್ಕಿಸಿ, ಹಿಂದೆ ಹೋಗಿ ನೋಡಿದೆ. ಸಮ. ದಾರ ಹಿಡಿದರೂ ವ್ಯತ್ಯಾಸ ಸಿಗದಷ್ಟು ಸಮ. ಫೋಟೋ ತೆಗೆದು ಶಾರ್ಜಾದಲ್ಲಿರುವ ತಮ್ಮನಿಗೆ ಕಳುಹಿಸಿದೆ. ಅವನು ಅಲ್ಲಿ ಕಂಪನಿಯ ಹೈಲಕ್ಸ್ ಓಡಿಸುತ್ತಾನೆ. "ಈಗ ಗಾಡಿಯ ಹಾಗೆ ಕಾಣ್ತದೆ" ಎಂದು ಬರೆದ.

ಆದರೆ ಖಾಲಿ ಓಡಿಸುವಾಗ ಬೇರೆ ಕತೆ. ಒಂದು ರೂಪಾಯಿ ನಾಣ್ಯದ ಮೇಲೆ ಹೋದರೂ ಗೊತ್ತಾಗುವಂತಾಯಿತು. ಸ್ಪೀಡ್ ಬ್ರೇಕರಿನಲ್ಲಿ ಹಿಂದಿನ ಚಕ್ರ ನೆಲ ಬಿಟ್ಟು ಹಾರುತ್ತಿತ್ತು. ಮದುವೆ ಮುಗಿಸಿ ಅರ್ಧ ಲೋಡಿನಲ್ಲಿ ಮರಳುವಾಗ ಗ್ಲಾಸಿನ ಪೆಟ್ಟಿಗೆಗಳಲ್ಲಿ ಒಡೆಯುವ ಸದ್ದು. ಮೊದಲು ಒಂದು ಕಾರ್ಯಕ್ರಮಕ್ಕೆ ಐದಾರು ಗ್ಲಾಸು ಹೋಗುತ್ತಿದ್ದದ್ದು ಈಗ ಇಪ್ಪತ್ತು, ಇಪ್ಪತ್ತೈದು.

ಇದೇ ಸಮಯಕ್ಕೆ ಉಮ್ಮ ಬಸ್ಸಿನಲ್ಲಿ ಹೋಗತೊಡಗಿದರು. ಅವರಿಗೆ ಬೆನ್ನುಮೂಳೆಯ ತೊಂದರೆ. ತಿಂಗಳಿಗೊಮ್ಮೆ ಮಂಗಳೂರಿನ ಆಸ್ಪತ್ರೆಗೆ ಹೋಗಬೇಕು. ನಮ್ಮ ಮನೆಯಲ್ಲಿ ಬೇರೆ ಕಾರಿಲ್ಲ, ಪಿಕಪ್ಪಿನ ಮುಂದಿನ ಸೀಟಿನಲ್ಲೇ ಕೂರಿಸಿಕೊಂಡು ಹೋಗುತ್ತಿದ್ದೆ. ಒಂದು ತಿಂಗಳು ಅವರು ತೊಡೆಯ ಕೆಳಗೆ ದಿಂಬು ಇಟ್ಟುಕೊಂಡರು. ಮುಂದಿನ ತಿಂಗಳು, "ನಿನಗೆ ಕೆಲಸ ಉಂಟಲ್ಲ, ನಾನು ಬಸ್ಸಲ್ಲಿ ಹೋಗ್ತೇನೆ, ಸೀಟ್ ಸಿಗ್ತದೆ" ಎಂದರು. ನನಗೆ ನಿಜವಾಗಿಯೂ ಕೆಲಸ ಇತ್ತು. ಸರಿ ಎಂದೆ. ಅವರು ಬಸ್ಸು ಹಿಡಿದದ್ದು ನನ್ನ ಕೆಲಸಕ್ಕಾಗಿ ಅಲ್ಲ ಎಂದು ನನಗೆ ಹೊಳೆಯಲು ಮೂರು ತಿಂಗಳು ಬೇಕಾಯಿತು. ನಮ್ಮ ತಾಯಂದಿರು ಗಾಡಿಯನ್ನು ದೂರುವುದಿಲ್ಲ, ಮಗ ಬೇಸರ ಮಾಡಿಕೊಳ್ಳುತ್ತಾನೆ ಎಂದು.

ಆಮೇಲೆ ಆ ಸಂಜೆ. ಬಾಯಾರು ಕಡೆಯ ಒಂದು ಮದುವೆ. ಪೂರ್ತಿ ಲೋಡು, ಹಿಂದೆ ಜನರೇಟರ್, ಮೇಲೆ ಹುಡುಗ. ಅಸರ್ ಕಳೆದು ಹೊರಟಿದ್ದೆವು. ಪದವಿನಿಂದ ಕೆಳಗೆ ಇಳಿಯುವ ಒಂದು ರಸ್ತೆ, ಕೊನೆಗೆ ಎಡಕ್ಕೆ ತಿರುವು. ಸೆಕೆಂಡ್ ಗೇರಿನಲ್ಲೇ ಇದ್ದೆ. ತಿರುವಿನ ಮೊದಲು ಬ್ರೇಕ್ ಒತ್ತಿದೆ. ಗಾಡಿ ನಿಧಾನವಾಯಿತು, ಆದರೆ ಸಾಕಷ್ಟು ಆಗಲಿಲ್ಲ. ಇನ್ನೂ ಒತ್ತಿದೆ. ಮುಂದಿನಿಂದ ಸುಟ್ಟ ವಾಸನೆ. ಹಿಂದಿನಿಂದ ಟ್ರೈಲರ್ ನೂಕುವುದು ಬೆನ್ನಿಗೇ ಗೊತ್ತಾಗುತ್ತಿತ್ತು. ತಿರುವಿನಲ್ಲಿ ಗಾಡಿಯ ಹಿಂಭಾಗ ಬಲಕ್ಕೆ ಜಾರಿತು. ಎದುರಿನಲ್ಲಿ ಬಸ್ಸು ನಿಂತು ಜನ ಇಳಿಯುತ್ತಿದ್ದರು. ನಾನು ಸ್ಟಿಯರಿಂಗನ್ನು ಎಡದ ಕೆಂಪುಕಲ್ಲಿನ ಧರೆಗೆ ತಿರುಗಿಸಿದೆ. ಅಷ್ಟೇ ನನಗೆ ನೆನಪಿರುವುದು.

ಬಂಪರ್ ಧರೆಗೆ ತಾಗಿ ಗಾಡಿ ನಿಂತಿತು. ಹಗ್ಗ ಕಡಿದು ಕುರ್ಚಿಗಳು ರಸ್ತೆ ತುಂಬ. ಹುಡುಗ ಕುರ್ಚಿಗಳ ಜೊತೆಗೇ ಧರೆಯ ಮೇಲಿನ ಪೊದೆಗೆ ಬಿದ್ದಿದ್ದ. ಮೊಣಕೈ ತರಚಿತ್ತು, ಬೇರೇನೂ ಇಲ್ಲ. ಅಲ್‌ಹಮ್ದುಲಿಲ್ಲಾಹ್ ಎಂದು ಅವನೇ ಹೇಳಿದ, ನನಗೆ ಬಾಯಿ ಬರಲಿಲ್ಲ. ಅವನು ಬಲಕ್ಕೆ ಬಿದ್ದಿದ್ದರೆ ಟ್ರೈಲರಿನ ಚಕ್ರದ ಕೆಳಗೆ ಇರುತ್ತಿದ್ದ. ಈ ಮಾತನ್ನು ತಂಗಿಗೆ ನಾನು ಇಂದಿನವರೆಗೂ ಪೂರ್ತಿ ಹೇಳಿಲ್ಲ. ಇದನ್ನು ಅವಳು ಓದಿದರೆ ಈಗ ಗೊತ್ತಾಗುತ್ತದೆ. ಗೊತ್ತಾಗಲಿ.

ಫೋನ್ ಮಾಡಿದ್ದಕ್ಕೆ ಮೇಸ್ತ್ರಿ ಇಚ್ಚ ಬೈಕಿನಲ್ಲಿ ಬಂದರು. ದಮ್ಮಾಮಿನ ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ದುಡಿದು ಊರಿಗೆ ಮರಳಿದವರು, ಈಗ ಮನೆಯ ಹಿಂದೆ ಒಂದು ಶೆಡ್. ಅವರು ಬಂಪರ್ ನೋಡಲಿಲ್ಲ. ಮುಂದಿನ ಚಕ್ರದ ಹತ್ತಿರ ಕೈ ಹಿಡಿದರು, ತಕ್ಷಣ ಹಿಂದೆಗೆದರು. ಅಷ್ಟು ಬಿಸಿ. ಆಮೇಲೆ ಹಿಂದೆ ಹೋಗಿ ಹಿಂದಿನ ಡ್ರಮ್ಮಿನ ಮೇಲೆ ಕೈಯಿಟ್ಟರು. ಇಟ್ಟೇ ಇದ್ದರು.

"ನೋಡು, ಮುಟ್ಟು" ಎಂದರು.

ಮುಟ್ಟಿದೆ. ಉಗುರು ಬೆಚ್ಚಗೆ, ಅಷ್ಟೇ. ಭಾರವೆಲ್ಲ ಹಿಂದೆ ಇರುವ ಗಾಡಿಯಲ್ಲಿ ಹಿಂದಿನ ಬ್ರೇಕ್ ಹೆಚ್ಚುಕಡಿಮೆ ಕೆಲಸವನ್ನೇ ಮಾಡಿರಲಿಲ್ಲ.

ಮೇಸ್ತ್ರಿ ಇಚ್ಚ ನನ್ನನ್ನು ಗಾಡಿಯ ಕೆಳಗೆ ಮಲಗಿಸಿ ಟಾರ್ಚ್ ಹಿಡಿದು ತೋರಿಸಿದರು. ಚಾಸಿಯ ಮೇಲೆ ಒಂದು ಸಣ್ಣ ವಾಲ್ವ್. ಅದರಿಂದ ಒಂದು ಕಡ್ಡಿ ಹಿಂದಿನ ಆಕ್ಸಲಿಗೆ. ಬ್ರೇಕಿನ ಎಣ್ಣೆ ಹಿಂದಿನ ಚಕ್ರಗಳಿಗೆ ಹೋಗುವುದು ಈ ವಾಲ್ವಿನ ಮೂಲಕ. ಗಾಡಿ ಖಾಲಿ ಇದ್ದಾಗ ಹಿಂಭಾಗ ಹಗುರ, ಆಗ ಹಿಂದೆ ಜೋರಾಗಿ ಬ್ರೇಕ್ ಹಿಡಿದರೆ ಚಕ್ರ ಲಾಕ್ ಆಗಿ ಗಾಡಿ ತಿರುಗುತ್ತದೆ. ಅದಕ್ಕೆ ವಾಲ್ವ್ ಒತ್ತಡವನ್ನು ತಗ್ಗಿಸುತ್ತದೆ. ಲೋಡು ಹಾಕಿದಾಗ ಪ್ಲೇಟುಗಳು ಬಗ್ಗಿ ಚಾಸಿ ಆಕ್ಸಲಿನ ಹತ್ತಿರ ಬರುತ್ತದೆ, ಕಡ್ಡಿ ಏರುತ್ತದೆ, ವಾಲ್ವ್ ತೆರೆದುಕೊಳ್ಳುತ್ತದೆ, ಹಿಂದಿನ ಬ್ರೇಕಿಗೆ ಪೂರ್ತಿ ಒತ್ತಡ ಸಿಗುತ್ತದೆ. ಗಾಡಿಯಲ್ಲಿ ಎಷ್ಟು ಭಾರ ಉಂಟು ಎಂದು ಬ್ರೇಕಿಗೆ ತಿಳಿಯುವುದು ಗಾಡಿ ಎಷ್ಟು ಕುಳಿತಿದೆ ಎಂಬುದರಿಂದ. ಬೇರೆ ದಾರಿ ಅದಕ್ಕಿಲ್ಲ.

"ನೀನು ಪ್ಲೇಟ್ ಹಾಕಿಸಿ ಗಾಡಿ ಕೂರದ ಹಾಗೆ ಮಾಡಿದೆ. ಈಗ ಎರಡು ಟನ್ ಹಾಕಿದರೂ ಈ ವಾಲ್ವಿಗೆ ಗಾಡಿ ಖಾಲಿ. ಪ್ಲೇಟ್ ಹಾಕಿದವನು ಈ ಕಡ್ಡಿಯನ್ನು ಮುಟ್ಟಿಯೇ ಇಲ್ಲ."

ದಾರ ಹಿಡಿದು ನೋಡಿ ಸಮ ಉಂಟು ಎಂದು ಫೋಟೋ ತೆಗೆದದ್ದು ನೆನಪಾಯಿತು. ಭಾರ ಕಡಿಮೆ ಆಗಿರಲಿಲ್ಲ. ಕಾಣದ ಹಾಗೆ ಆಗಿತ್ತು, ಅಷ್ಟೇ.

ಮರುವಾರ ಅವರು ನನ್ನಿಂದ ಒಂದು ಕೆಲಸ ಮಾಡಿಸಿದರು. ಆ ಮದುವೆಯ ದಿನ ಹಾಕಿದಷ್ಟೇ ಸಾಮಾನು ಹಾಕಿ, ಹುಡುಗನನ್ನು ಬಿಟ್ಟು, ಹತ್ತಿರದ ವೇ ಬ್ರಿಡ್ಜಿಗೆ ನಿಧಾನಕ್ಕೆ ಓಡಿಸಿದೆವು. ನಮ್ಮ ಆರ್‌ಸಿಯಲ್ಲಿ ಗಾಡಿಯ ಒಟ್ಟು ತೂಕ 2,990 ಕೆಜಿ ಮೀರಬಾರದು ಎಂದಿದೆ. ಟ್ರೈಲರ್ ಬಿಚ್ಚಿ ಪಿಕಪ್ಪನ್ನು ಮಾತ್ರ ನಿಲ್ಲಿಸಿದಾಗ ಚೀಟಿಯಲ್ಲಿ ಬಂದದ್ದು 3,480. ಆಮೇಲೆ ಟ್ರೈಲರ್ ಸಿಕ್ಕಿಸಿ, ಅದರ ಚಕ್ರಗಳು ತಕ್ಕಡಿಯಿಂದ ಹೊರಗೇ ಇರುವ ಹಾಗೆ ನಿಲ್ಲಿಸಿದೆವು. 3,720. ಹೆಚ್ಚಾದ 240 ಕೆಜಿ ಟ್ರೈಲರಿನ ಮೂತಿ ನಮ್ಮ ಹುಕ್ಕಿನ ಮೇಲೆ ಒತ್ತುವ ಭಾರ. ಕೊನೆಗೆ ಟ್ರೈಲರ್ ಒಂದನ್ನೇ ತೂಗಿದೆವು, ಜನರೇಟರ್ ಸೇರಿ 1,240.

ಎಳೆಯುವ ಗಾಡಿಗೆ ಮೂತಿಯ ಭಾರ ಟ್ರೈಲರಿನ ತೂಕದ ನೂರಕ್ಕೆ ಹತ್ತರಿಂದ ಹದಿನೈದು ಇದ್ದರೆ ಒಳ್ಳೆಯದು ಎಂದು ಮೇಸ್ತ್ರಿ ಇಚ್ಚ ಹೇಳಿದರು. ತೀರಾ ಕಡಿಮೆ ಇದ್ದರೆ ಟ್ರೈಲರ್ ಹಾವಿನ ಹಾಗೆ ಆಚೆ ಈಚೆ ಬಾಲ ಆಡಿಸುತ್ತದೆ. ಹೆಚ್ಚಾದರೆ ಎಳೆಯುವ ಗಾಡಿಯ ಹಿಂಭಾಗವನ್ನು ಒತ್ತಿ ಮುಂಭಾಗವನ್ನು ಎತ್ತುತ್ತದೆ. ನಮ್ಮದು ನೂರಕ್ಕೆ ಹತ್ತೊಂಬತ್ತು. ಅವರು ಮಣ್ಣಿನ ಮೇಲೆ ಕಡ್ಡಿಯಿಂದ ಲೆಕ್ಕ ಬರೆದರು. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 3 ಮೀಟರ್, ಹಿಂದಿನ ಚಕ್ರದಿಂದ ಹುಕ್ಕಿಗೆ 1.2 ಮೀಟರ್. ಹುಕ್ ಆಕ್ಸಲಿನ ಹಿಂದೆ ಇರುವುದರಿಂದ ಅದು ಸನ್ನೆಗೋಲಿನ ಹಾಗೆ ಕೆಲಸ ಮಾಡುತ್ತದೆ. 240 ಕೆಜಿ ಹುಕ್ಕಿನ ಮೇಲೆ ಬಿದ್ದರೆ ಹಿಂದಿನ ಆಕ್ಸಲಿಗೆ 336 ಆಗುತ್ತದೆ, ಮುಂದಿನ ಚಕ್ರಗಳಿಂದ 96 ಕೆಜಿ ಎದ್ದು ಹೋಗುತ್ತದೆ. ಸ್ಟಿಯರಿಂಗ್ ಹಗುರಾದದ್ದು, ಹೆಡ್‌ಲೈಟ್ ಮರದ ತುದಿಗೆ ಹೋದದ್ದು ಇದರಿಂದ. ಪ್ಲೇಟ್ ಹಾಕಿ ಗಾಡಿಯನ್ನು ಸಮ ನಿಲ್ಲಿಸಿದ್ದರಿಂದ ಲೈಟ್ ಕೆಳಗೆ ಬಂತು. ಆದರೆ ಆ 96 ಕೆಜಿ ಮುಂದಿನ ಚಕ್ರಕ್ಕೆ ಮರಳಿ ಬರಲಿಲ್ಲ.

ಇದಕ್ಕೆ ಬೇಕಾದದ್ದು ಪ್ಲೇಟ್ ಅಲ್ಲ, ಸ್ಪ್ಯಾನರ್. ಟ್ರೈಲರಿನ ಮೇಲೆ ಜನರೇಟರನ್ನು ಹಿಡಿದಿರುವ ಬೋಲ್ಟ್ ಬಿಚ್ಚಿ, ಅದನ್ನು ಒಂದಿಷ್ಟು ಹಿಂದಕ್ಕೆ ಸರಿಸಿ ಮತ್ತೆ ತೂಗಿದೆವು. ಮೂತಿಯ ಭಾರ 140ಕ್ಕೆ ಬಂತು. ಖರ್ಚು ಎಂಟು ಬೋಲ್ಟ್, ಒಂದು ಮಧ್ಯಾಹ್ನ. ಟ್ರೈಲರಿಗೂ ತನ್ನದೇ ಬ್ರೇಕ್ ಉಂಟು ಎಂಬುದನ್ನು ಆಗಲೇ ನೋಡಿದ್ದು. ಮುಂದಿನ ಗಾಡಿ ನಿಧಾನವಾದಾಗ ಟ್ರೈಲರಿನ ಮೂತಿ ಒಳಗೆ ಜಾರಿ ಕೇಬಲನ್ನು ಎಳೆಯುತ್ತದೆ, ಅದರ ಚಕ್ರಕ್ಕೆ ಬ್ರೇಕ್ ಹಿಡಿಯುತ್ತದೆ. ನಮ್ಮದರಲ್ಲಿ ಆ ಜಾರುವ ಭಾಗ ತುಕ್ಕು ಹಿಡಿದು ಅಂಟಿಕೊಂಡಿತ್ತು. ಎಷ್ಟು ಮಳೆಗಾಲ ಹಾಗೆ ಓಡಿಸಿದ್ದೆನೋ.

ಇನ್ನು ಪ್ಲೇಟಿನ ವಿಷಯ. ಹೆಚ್ಚು ಹಾಕಿದ ಎರಡನ್ನೂ ಮೇಸ್ತ್ರಿ ಇಚ್ಚ ತೆಗೆದರು. ಖಾಲಿ ಗಾಡಿ ಯಾಕೆ ಅಷ್ಟು ಕುಟ್ಟುತ್ತಿತ್ತು ಎಂದು ಕೇಳಿದೆ. ಸ್ಪ್ರಿಂಗ್ ಎಷ್ಟು ಗಟ್ಟಿಯೋ, ಮೇಲಿನ ಭಾರ ಎಷ್ಟು ಕಡಿಮೆಯೋ, ಅಷ್ಟು ಬೇಗ ಬೇಗ ಅದು ಪುಟಿಯುತ್ತದೆ ಎಂದರು. ಹೊಸ ಪ್ಲೇಟುಗಳನ್ನು ಕೆಳಗಿನ ದಪ್ಪ ಪ್ಲೇಟುಗಳ ಜೊತೆ ಹಾಕಿದ್ದರೆ ಲೋಡು ಬಿದ್ದಾಗ ಮಾತ್ರ ಅವು ತಾಗುತ್ತಿದ್ದವು. ನನಗೆ ಹಾಕಿದವನು ಮೇಲಿನ ಸದಾ ಕೆಲಸ ಮಾಡುವ ಪ್ಲೇಟುಗಳ ನಡುವೆ ತುರುಕಿದ್ದ. ಹಾಗಾಗಿ ನಾನು ಮತ್ತು ಉಮ್ಮ ಇಬ್ಬರೇ ಕೂತು ಹೋಗುವಾಗಲೂ ಗಾಡಿ ಎರಡು ಟನ್ನಿನ ಸ್ಪ್ರಿಂಗಿನ ಮೇಲೆ ಓಡುತ್ತಿತ್ತು. ಅದು ಹಲಗೆಯ ಮೇಲೆ ಕೂತ ಹಾಗೆ.

ಹಳೆಯ ಪ್ಲೇಟುಗಳು ಮಾತ್ರ ನಿಜವಾಗಿಯೂ ಸೋತಿದ್ದವು. ಬಿಲ್ಲು ಚಪ್ಪಟೆಯಾಗಿತ್ತು, ಒಂದು ಬದಿಯ ಮೂರನೆಯ ಪ್ಲೇಟಿನಲ್ಲಿ ಕೂದಲಿನಷ್ಟು ತೆಳ್ಳಗೆ ಬಿರುಕು. ಬುಷ್ ಸವೆದು ಉಕ್ಕಿಗೆ ಉಕ್ಕು ತಾಗುತ್ತಿತ್ತು. ಪ್ಲೇಟುಗಳ ನಡುವಿನ ಪ್ಯಾಡುಗಳು ಎಂದೋ ಹೋಗಿದ್ದವು. ನಡುವೆ ಮಣ್ಣು, ತುಕ್ಕು. ಪ್ಲೇಟುಗಳು ಒಂದರ ಮೇಲೊಂದು ಜಾರಬೇಕು, ಜಾರದಿದ್ದರೆ ಏಳು ಪ್ಲೇಟ್ ಸೇರಿ ಒಂದೇ ದಪ್ಪ ಕಬ್ಬಿಣವಾಗುತ್ತದೆ. ಶಾಕ್ ಅಬ್ಸಾರ್ಬರ್ ಬಿಚ್ಚಿ ಕೈಯಲ್ಲಿ ಎಳೆದರೆ ಸೈಕಲ್ ಪಂಪಿನಷ್ಟೂ ತಡೆ ಇರಲಿಲ್ಲ. ಆರು ವರ್ಷ ನಾನು ಎಂಜಿನ್ ಆಯಿಲ್ ಬದಲಿಸಿದ್ದೆ, ಟಯರ್ ಬದಲಿಸಿದ್ದೆ. ಗಾಡಿಯ ಬೆನ್ನನ್ನು ಒಮ್ಮೆಯೂ ನೋಡಿರಲಿಲ್ಲ.

ಕಂಪನಿಯ ಅಳತೆಯದ್ದೇ ಹೊಸ ಸೆಟ್ ಎರಡೂ ಬದಿಗೆ ಹಾಕಿಸಿದೆವು. ಒಂದೇ ಬದಿ ಬದಲಿಸಿದರೆ ಗಾಡಿ ವಾಲುತ್ತದೆ. ಹೊಸ ಬುಷ್, ಹೊಸ ಯು-ಬೋಲ್ಟ್, ಹೊಸ ಶಾಕ್ ಅಬ್ಸಾರ್ಬರ್, ವಾಲ್ವಿನ ಕಡ್ಡಿ ಅಳತೆಗೆ ತಂದದ್ದು, ಎಲ್ಲ ಸೇರಿ 26,000 ಚಿಲ್ಲರೆ. ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಯು-ಬೋಲ್ಟ್ ಮತ್ತೆ ಬಿಗಿಸಲು ಕರೆದರು, ಹೊಸ ಪ್ಲೇಟುಗಳು ಒಂದಕ್ಕೊಂದು ಕೂತ ಮೇಲೆ ಅದು ಸಡಿಲವಾಗುತ್ತದಂತೆ. ಆ ದಿನ ಬಾಗಿಲ ಬಳಿಯ ಸ್ಟಿಕ್ಕರನ್ನೂ ಓದಿಸಿದರು. ಟಯರಿನ ಗಾಳಿಗೆ ಖಾಲಿ ಗಾಡಿಗೆ ಒಂದು ಲೆಕ್ಕ, ತುಂಬಿದ ಗಾಡಿಗೆ ಇನ್ನೊಂದು. ನಾನು ಸದಾ ತುಂಬಿದ ಲೆಕ್ಕವನ್ನೇ ಇಟ್ಟು ಓಡಿಸುತ್ತಿದ್ದೆ. ಖಾಲಿ ಇದ್ದಾಗ ಹಿಂದಿನ ಗಾಳಿ ಇಳಿಸಿದ್ದೇ ಅರ್ಧ ಕುಟ್ಟುವಿಕೆ ಹೋಯಿತು. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಈ ನಡುವೆ ಶಾರ್ಜಾದ ತಮ್ಮ ಊರಿಗೆ ಬರುವವರ ಕೈಯಲ್ಲಿ ಒಂದು ಪೆಟ್ಟಿಗೆ ಕಳುಹಿಸಿದ್ದ. ಒಳಗೆ ಎರಡು ರಬ್ಬರಿನ ಗಾಳಿ ಚೀಲ. ಅಲ್ಲಿ ಟ್ರೈಲರ್ ಎಳೆಯುವವರು ಇದನ್ನು ಚಾಸಿ ಮತ್ತು ಆಕ್ಸಲಿನ ನಡುವೆ ಹಾಕಿಸುತ್ತಾರೆ. ಖಾಲಿ ಇದ್ದಾಗ ಸ್ವಲ್ಪ ಗಾಳಿ, ಲೋಡಿದ್ದಾಗ ಹೆಚ್ಚು. ಹಾಗಾಗಿ ಖಾಲಿ ಗಾಡಿ ಮೆತ್ತಗೆ ಓಡುತ್ತದೆ, ತುಂಬಿದ ಗಾಡಿ ಕೂರುವುದಿಲ್ಲ. ಪ್ಲೇಟ್ ತುರುಕುವುದಕ್ಕಿಂತ ಬುದ್ಧಿವಂತ ಉಪಾಯ ಎಂದು ಮೇಸ್ತ್ರಿ ಇಚ್ಚ ಒಪ್ಪಿದರು, ದಮ್ಮಾಮಿನಲ್ಲಿ ತಾವೇ ಎಷ್ಟೋ ಗಾಡಿಗೆ ಹಾಕಿದ್ದಾರಂತೆ. ಆದರೆ ಅದೂ ಗಾಡಿಯನ್ನು ಎತ್ತಿ ನಿಲ್ಲಿಸುವುದರಿಂದ ನಮ್ಮ ವಾಲ್ವಿಗೆ ಅದೇ ಮೋಸ. ಮೇಲೆ, ಚೀಲ ಹೊರುವುದು ಪ್ಲೇಟಿನ ಪಾಲನ್ನು ಮಾತ್ರ. ಆಕ್ಸಲ್, ಬೇರಿಂಗ್, ಟಯರ್, ಬ್ರೇಕ್ ಮೊದಲಿದ್ದದ್ದೇ. ಆರ್‌ಸಿಯಲ್ಲಿ ಬರೆದ 2,990 ಯಾವ ಚೀಲ ಹಾಕಿದರೂ 3,000 ಆಗುವುದಿಲ್ಲ. ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬೇರೆ ಇದೆ. ಕೊನೆಗೆ ನೋಡಿದರೆ ಆ ಚೀಲ ಹೈಲಕ್ಸಿನ ಅಳತೆಯದ್ದು, ನಮ್ಮ ಗಾಡಿಗೆ ಕೂರುವುದೇ ಇಲ್ಲ. ಪೆಟ್ಟಿಗೆ ಈಗ ಅಟ್ಟದಲ್ಲಿ ಉಪ್ಪನ ಪೆಟ್ರೋಮ್ಯಾಕ್ಸುಗಳ ಪಕ್ಕದಲ್ಲಿ ಇದೆ.

"ಹಾಗಾದರೆ ಭಾರಕ್ಕೆ ಎಂತ ಮಾಡುವುದು?" ಎಂದು ನಾನು ಮೇಸ್ತ್ರಿ ಇಚ್ಚನನ್ನು ಕೇಳಿದೆ.

"ಎರಡು ಸಲ ಹೋಗು" ಎಂದರು. ಅಷ್ಟೇ.

ಅದೇ ಕಷ್ಟದ ರಿಪೇರಿ. ಪ್ಲೇಟಿಗೆ ದುಡ್ಡು ಕೊಡಬಹುದು, ಎರಡನೆಯ ಸಲಕ್ಕೆ ಗಿರಾಕಿಯ ಹತ್ತಿರ ದುಡ್ಡು ಕೇಳಬೇಕು. ಮೊದಲ ತಿಂಗಳು ಎರಡು ಮದುವೆಯ ಆರ್ಡರ್ ಬೇರೆಯವರಿಗೆ ಹೋಯಿತು. ಒಬ್ಬರು ದೂರದ ಸಂಬಂಧಿ, ಮಸೀದಿಯ ಅಂಗಳದಲ್ಲೇ ಹೇಳಿದರು, "ನಿನ್ನ ಉಪ್ಪ ತಲೆಯ ಮೇಲೆ ಹೊತ್ತು ತರ್ತಿದ್ರು, ನಿನಗೆ ಗಾಡಿಯಲ್ಲಿ ತರ್ಲಿಕ್ಕೆ ಆಗುದಿಲ್ವಾ?" ಉತ್ತರ ಕೊಡಲಿಲ್ಲ. ಉಪ್ಪನ ಸೊಂಟವೇ ಅದರ ಉತ್ತರ ಎಂದು ಮನೆಗೆ ಬಂದ ಮೇಲೆ ಹೊಳೆಯಿತು.

ಈಗ ನನ್ನ ಲೆಕ್ಕ ಹೀಗಿದೆ. ಕುರ್ಚಿ 200, ಮೇಜು 15, ಮೊದಲ ಲೋಡಿಗೆ ಅಷ್ಟೇ. ಟ್ರೈಲರ್ ಸಿಕ್ಕಿಸುವ ಸಲ ಪಿಕಪ್ಪಿನಲ್ಲಿ ಅದಕ್ಕಿಂತ ಕಡಿಮೆ, ಏಕೆಂದರೆ ಮೂತಿಯ 140 ಕೆಜಿಯೂ ಗಾಡಿಯ ಲೋಡೇ. ಭಾರದ ಪೈಪುಗಳು ಕ್ಯಾಬಿನ್ನಿಗೆ ತಾಗಿ ಮುಂದೆ, ಕೆಳಗೆ. ಮೇಲೆ ಯಾರೂ ಇಲ್ಲ. ತಂಗಿಯ ಮಗ ಬರುವುದಾದರೆ ಮುಂದಿನ ಸೀಟು. ಲೋಡು ಹಾಕಿದ ಮೇಲೆ ಹಿಂದೆ ಹೋಗಿ ಚಕ್ರಕ್ಕೂ ಬಾಡಿಗೂ ನಡುವಿನ ಜಾಗವನ್ನು ಗೇಣಿನಲ್ಲಿ ಅಳೆಯುತ್ತೇನೆ. ಗಾಡಿ ಸ್ವಲ್ಪ ಕೂತಿರುತ್ತದೆ. ಕೂರಲಿ. ಎಷ್ಟು ಕೂರಬೇಕೋ ಅಷ್ಟು ಕೂತಿದೆಯೇ ಎಂದು ನೋಡುವುದು ಈಗ ನನ್ನ ಅಭ್ಯಾಸ.

ಓದುವವರಲ್ಲಿ ಗಾಡಿ ಇರುವವರು ಬಹಳ ಜನ ಇದ್ದೀರಿ. ಮೀನಿನ ಲೈನಿನವರು, ಅಡಿಕೆಯವರು, ಹಣ್ಣಿನವರು. ಗಾಡಿ ಕೂರುತ್ತದೆ ಎಂದಾದರೆ ಪ್ಲೇಟ್ ಸೇರಿಸುವ ಮೊದಲು ಒಮ್ಮೆ ವೇ ಬ್ರಿಡ್ಜಿಗೆ ಹೋಗಿ ಚೀಟಿ ತೆಗೆದು ಆರ್‌ಸಿಯ ಪಕ್ಕ ಇಟ್ಟು ನೋಡಿ. ಇರುವ ಪ್ಲೇಟಿನ ಬಿರುಕು, ಬುಷ್, ಶಾಕ್ ಅಬ್ಸಾರ್ಬರ್ ನೋಡಿಸಿ. ಹಿಂದಿನ ಆಕ್ಸಲಿನಿಂದ ಬ್ರೇಕಿನ ವಾಲ್ವಿಗೆ ಕಡ್ಡಿ ಉಂಟಾ ಎಂದು ಕೆಳಗೆ ಬಗ್ಗಿ ನೋಡಿ. ಗಾಡಿ ಇಲ್ಲದವರಲ್ಲಿ ಒಂದೇ ವಿನಂತಿ. ಮಗಳ ಮದುವೆಗೆ ಚಿನ್ನ, ಬಿರಿಯಾನಿ, ಹಾಲ್ ಎಲ್ಲದಕ್ಕೂ ಲೆಕ್ಕವಿಲ್ಲದೆ ಖರ್ಚು ಮಾಡುತ್ತೇವೆ. ಕುರ್ಚಿ ತರುವವನ ಹತ್ತಿರ ಮಾತ್ರ "ಒಂದೇ ಲೋಡಲ್ಲಿ ತಾ" ಎಂದು ಚೌಕಾಸಿ ಮಾಡಬೇಡಿ. ಆ ಲೋಡಿನ ಮೇಲೆ ಯಾರದೋ ತಂಗಿಯ ಮಗ ಕೂತಿರುತ್ತಾನೆ.

ಕೆಲಸ ಮುಗಿದ ಮುಂದಿನ ತಿಂಗಳು ಉಮ್ಮನನ್ನು ಒತ್ತಾಯ ಮಾಡಿ ಗಾಡಿಯಲ್ಲಿ ಕೂರಿಸಿದೆ. ಅವರು ದಿಂಬು ತಂದಿದ್ದರು. ಮಂಜೇಶ್ವರ ಕಳೆದು ಸರ್ವೀಸ್ ರೋಡಿನ ಹೊಂಡಗಳು ಬಂದವು. ನಾನು ಅವರ ಮುಖ ನೋಡಲಿಲ್ಲ, ರಸ್ತೆ ನೋಡಿದೆ. ತಲಪಾಡಿ ದಾಟುವಾಗ ನೋಡಿದರೆ ದಿಂಬು ಅವರ ಮಡಿಲಲ್ಲಿತ್ತು, ಅದರ ಮೇಲೆ ಆಸ್ಪತ್ರೆಯ ಫೈಲು.

"ಹೇಗುಂಟು ಉಮ್ಮ?" ಎಂದು ಕೇಳಿದೆ.

"ಬಸ್ಸಿನಷ್ಟು ಉಂಟು" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಈಗ ಎಲ್ಲದಕ್ಕೂ ಎರಡೆರಡು ಸಲ ಹೋಗ್ಬೇಕಲ್ಲ, ಡೀಸೆಲ್ ಎಷ್ಟು ಬೀಳ್ತದೆ?"

ಲೆಕ್ಕ ಹೇಳಿದೆ. ಅವರು ಏನೂ ಹೇಳಲಿಲ್ಲ. ಮರಳುವಾಗ ಬಸ್ಸಿನ ಮಾತು ಎತ್ತಲಿಲ್ಲ.